ರಾಜರಿಗೆ ಮಾರ್ಕ್ಸ್ ಹಾಕುತ್ತಿದ್ದ ಮಾಸ್ತರು

ಮೊನ್ನೆ ಗರಾಜು ಖಾಲಿ ಮಾಡುವಾಗ ಮೇಲಿನ ಹಲಗೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದರೆ ಗಮ್ಮೆಂದು ಇಂಗಿನ ವಾಸನೆ. ನಲವತ್ತು ವರ್ಷದ ಹಿಂದೆ ನನ್ನ ಹೆಂಡತಿ ಮೈಸೂರಿನಿಂದ ತಂದ ಇಂಗನ್ನು ಅದರಲ್ಲಿಟ್ಟಿದ್ದಳು. ಆಮೇಲೆ ನಾನು ಅದನ್ನು ಅವಳಿಂದ ಕಸಿದುಕೊಂಡು ಕನ್ನಡ ಕೂಟದ ವಿಳಾಸದ ಕಾರ್ಡುಗಳನ್ನು ತುಂಬಿದೆ. ಕಾರ್ಡುಗಳಿಗೆ ಹತ್ತಿದ ವಾಸನೆ ಇನ್ನೂ ಹೋಗಿಲ್ಲ. ಆ ವಾಸನೆಯ ಜೊತೆಗೇ ಮಾಸ್ತರು ನೆನಪಾದರು... "ನಿಮ್ಮ ರಾಜ್ಯಾ ಭಾಳ ಘಮಘಮ ಅಂತದ ನೋಡ್ರಿ" ಎನ್ನುತ್ತಿದ್ದ ಧಾರವಾಡದ ಮಾಸ್ತರು.

ಅವರು ಧಾರವಾಡದ ಕಾಲೇಜೊಂದರಲ್ಲಿ ಜೀವಮಾನವಿಡೀ ಯುರೋಪಿನ ಇತಿಹಾಸ ಕಲಿಸಿ, ನಿವೃತ್ತರಾಗಿ, ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನಿವೇಲಿನಲ್ಲಿದ್ದ ಮಗಳ ಮನೆಗೆ ಬಂದವರು. ಕಾಲೇಜಿನ ಪ್ರೊಫೆಸರಾದರೂ ಊರವರ ಬಾಯಲ್ಲಿ ಮಾಸ್ತರು. ಇಲ್ಲೂ ಅದೇ ಉಳಿಯಿತು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಉಣ್ಣೆಯ ಕೋಟು, ತಲೆಗೆ ಬಿಳಿ ಟೋಪಿ, ಕಾಲಿಗೆ ಮೊಮ್ಮಗನಿಗೆ ಚಿಕ್ಕದಾದ ಟೆನಿಸ್ ಶೂ. ಜೇಬಿನಲ್ಲಿ ಹಸಿರು ಇಂಕಿನ ಪೆನ್ನು. ಅಷ್ಟು ವರ್ಷ ಪೇಪರು ತಿದ್ದಿದ ಕೈ ಬೇರೆ ಬಣ್ಣಕ್ಕೆ ಬಗ್ಗಲೇ ಇಲ್ಲ. ಮಗಳಿಗೆ ಬೇಕಾದ ಗ್ರೋಸರಿಯ ಪಟ್ಟಿಯನ್ನೂ ಹಸಿರಲ್ಲೇ ಬರೆಯುತ್ತಿದ್ದರು.

ನಾನಾಗ ಕೂಟದ ಅಧ್ಯಕ್ಷ. ಈ ಮಾತನ್ನು ವಿನಯದಿಂದ ಹೇಳಲು ನನಗೆ ಬರುವುದಿಲ್ಲ, ಕ್ಷಮಿಸಬೇಕು. ಸೌತ್ ಬೇ ಕಡೆಯ ಅರವತ್ತು ಮನೆಗಳ ಪುಟ್ಟ ಕೂಟ ಅದು. ಆಮೇಲೆ ದೊಡ್ಡದೊಂದರಲ್ಲಿ ಕರಗಿ ಹೋಯಿತು, ಈಗ ಹೆಸರು ಹೇಳಿದರೂ ಯಾರಿಗೂ ನೆನಪಿರಲಿಕ್ಕಿಲ್ಲ. ನಾನು ಅಧ್ಯಕ್ಷನಾಗುವ ಮೊದಲು ಅಲ್ಲಿ ಹತ್ತು ಜನ ಸೇರಿದರೆ ಹನ್ನೊಂದು ಅಭಿಪ್ರಾಯ. ಮನೆಗೊಂದು ಅಡುಗೆ ತರುವ ಪಾಟ್‌ಲಕ್ಕಿಗೆ ಈರುಳ್ಳಿ ಹಾಕಬೇಕೇ ಬೇಡವೇ, ಚಪಾತಿ ಮೊದಲೋ ಅನ್ನ ಮೊದಲೋ, ಹಾಡಿಗೆ ಎಷ್ಟು ಹೊತ್ತು, ಭಾಷಣಕ್ಕೆ ಎಷ್ಟು ಹೊತ್ತು. ಒಂದು ವರ್ಷವಂತೂ ಫ್ರೀವೇಯ ಆಚೆ ಒಂದು, ಈಚೆ ಒಂದು, ಒಂದೇ ದಿನ ಎರಡು ಯುಗಾದಿ ನಡೆದವು. ಎರಡೂ ಕಡೆ ಒಬ್ಬಟ್ಟು ಮಿಕ್ಕಿ ಹೋಯಿತು. ಜನ ಸುಸ್ತಾದರು. ಒಂದು ಭಾನುವಾರ ಎಲ್ಲರೂ ನಮ್ಮ ಮನೆಗೆ ಬಂದು, "ಸಾರ್, ನೀವೇ ನೋಡ್ಕೊಳ್ಳಿ. ನಮ್ಮನ್ನ ಏನೂ ಕೇಳ್ಬೇಡಿ" ಎಂದರು.

ನಾನು ಕೇಳಲಿಲ್ಲ. ಸಭಾಂಗಣ ಬುಕ್ ಮಾಡುವವನು ನಾನೇ, ಮೈಕು ನನ್ನ ಗರಾಜಿನಲ್ಲಿ, ದೊಡ್ಡ ಪಾತ್ರೆಗಳು ನನ್ನ ಗರಾಜಿನಲ್ಲಿ, ಆಮಂತ್ರಣದ ಕಾಗದ ಟೈಪ್ ಮಾಡಿ ಸ್ಟಾಂಪು ಅಂಟಿಸುವವನೂ ನಾನೇ. ಎಲ್ಲಕ್ಕಿಂತ ಮುಖ್ಯ, ಆ ಡಬ್ಬಿ. ಯಾರ ಮನೆ ಎಲ್ಲಿ, ಯಾರ ಫೋನು ಯಾವುದು ಎಂಬುದು ಅದರಲ್ಲಿತ್ತು. ಅದನ್ನು ನಾನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕಾರ್ಯಕ್ರಮಗಳು ಗಡಿಯಾರದಂತೆ ನಡೆದವು. ಪ್ರತಿ ಯುಗಾದಿಗೆ ಅವಿರೋಧ ಆಯ್ಕೆ. ಒಬ್ಬರು ನನ್ನ ಹೆಸರು ಸೂಚಿಸುವುದು, ಇನ್ನೊಬ್ಬರು ಅನುಮೋದಿಸುವುದು, ಉಳಿದವರು ಚಪ್ಪಾಳೆ ತಟ್ಟಿ ಕೇಸರಿಭಾತಿಗೆ ಸಾಲು ನಿಲ್ಲುವುದು. ಎದುರು ನಿಲ್ಲುವುದು ಎಂದರೆ ಅವಮಾನ ಮಾಡಿದಂತೆ ಎಂಬುದು ನಮ್ಮವರ ನಂಬಿಕೆ. ನನ್ನ ಹೆಂಡತಿ ಮಾತ್ರ ಆಗಾಗ, "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡೀತಾನಂತೆ" ಎಂದು ಅಡುಗೆಮನೆಯಿಂದ ಗೊಣಗುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಾಸ್ತರಿಗೆ ಕಾರು ಬಾರದು, ಮಗಳು ಅಳಿಯ ಇಬ್ಬರಿಗೂ ಶನಿವಾರವೂ ಕೆಲಸ. ಹಾಗಾಗಿ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವರ ಅಪಾರ್ಟ್‌ಮೆಂಟಿನ ಮುಂದೆ ನನ್ನ ಹಳೇ ಸ್ಟೇಷನ್ ವ್ಯಾಗನ್ ನಿಲ್ಲುತ್ತಿತ್ತು. ಮೊದಲು ಲೈಬ್ರರಿ, ಆಮೇಲೆ ಗ್ರೋಸರಿ, ಆಮೇಲೆ ನಮ್ಮ ಮನೆಯಲ್ಲಿ ಕಾಫಿ. ಎರಡು ವರ್ಷ ಒಂದು ಶನಿವಾರವೂ ತಪ್ಪಲಿಲ್ಲ. ಕಾರಿನಲ್ಲಿ ಅವರು ನನಗೆ ರಾಜರ ಕಥೆ ಹೇಳುತ್ತಿದ್ದರು. ಮುನ್ನೂರು, ನಾನೂರು ವರ್ಷದ ಹಿಂದೆ ಯುರೋಪಿನಲ್ಲಿ ಒಬ್ಬೊಬ್ಬ ರಾಜನೂ ಹೇಗೆ ಪೂರ್ತಿ ನಾಡನ್ನು ತನ್ನೊಬ್ಬನ ಮುಷ್ಟಿಗೆ ತಂದುಕೊಂಡ ಎಂಬುದೇ ಅವರ ಜೀವದ ವಿಷಯ. ಹೆಸರು ಹೇಳುತ್ತಿರಲಿಲ್ಲ. "ಹೆಸರು ಪುಸ್ತಕದಾಗ ಅದಾವ, ಓದ್ಕೋರಿ. ಏನ್ ಮಾಡಿದ ಅನ್ನೂದು ಕೇಳ್ರಿ" ಎನ್ನುವರು. ಕಥೆ ಮುಗಿದ ಮೇಲೆ ಆ ರಾಜನಿಗೆ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್.

ರಷ್ಯಾದ ಒಬ್ಬ ರಾಜ ಹಳೇ ಸರದಾರರ ಗಡ್ಡ ತಾನೇ ಕತ್ತರಿಸಿದನಂತೆ, ಅವನಿಗೆ ಮೂರು. ಇಂಗ್ಲೆಂಡಿನವನಿಗೆ ಎಷ್ಟು ಎಂದು ಕೇಳಿದರೆ, "ಅವನ ತಲೀನ ತಗದ್ರಲ್ರೀ, ಮಾರ್ಕ್ಸ್ ಎಲ್ಲಿ ಹಾಕೂದು?" ಎಂದು ನಕ್ಕಿದ್ದರು. ಫ್ರಾನ್ಸಿನಲ್ಲಿ ತನ್ನನ್ನು ಸೂರ್ಯನೆಂದು ಕರೆಸಿಕೊಂಡವನ ಕಥೆ ಮೂರು ಶನಿವಾರ ನಡೆಯಿತು. ಅವನು ಚಿಕ್ಕವನಿದ್ದಾಗ ಸರದಾರರು ದಂಗೆಯೆದ್ದು ಊರು ಬಿಡಿಸಿದ್ದರಂತೆ. ದೊಡ್ಡವನಾದ ಮೇಲೆ ಅವರನ್ನು ಕೊಲ್ಲಲಿಲ್ಲ. ಭವ್ಯವಾದ ಅರಮನೆ ಕಟ್ಟಿ ಎಲ್ಲರನ್ನೂ ಅಲ್ಲಿಗೇ ಕರೆದು ಇಟ್ಟುಕೊಂಡ. ಬೆಳಿಗ್ಗೆ ಎದ್ದಾಗ ಅವನ ಅಂಗಿ ಎತ್ತಿಕೊಡುವ ಭಾಗ್ಯಕ್ಕೆ ಆ ಶೂರರು ತಮ್ಮತಮ್ಮಲ್ಲೇ ಹೊಡೆದಾಡುವಂತಾಯಿತು. ನಾಡಿನ ಸಭೆಯನ್ನು ಅವನಪ್ಪನೂ ಕರೆಯುವುದನ್ನು ನಿಲ್ಲಿಸಿದ್ದ, ಇವನೂ ಕರೆಯಲಿಲ್ಲ.

"ಜನ ಸುಮ್ಮನೆ ಬಿಟ್ಟುಬಿಟ್ರಾ ಮಾಸ್ತರೇ?" ಎಂದು ಕೇಳಿದೆ.

"ಅಲ್ಲೇ ನೋಡ್ರಿ ಎಲ್ಲಾರೂ ತಪ್ಪು ಉತ್ತರ ಬರೀತಾರ" ಎಂದರು. "ರಾಜ ಕಸ್ಕೊಂಡ ಅಂತ ಬರೀತಾರ. ಕಸ್ಕೊಂಡಿಲ್ರಿ. ಧರ್ಮದ ಹೆಸರಿಲೆ ಬಡದಾಡಿ ಬಡದಾಡಿ ಮಂದಿ ದಣದಿದ್ರು. ನೀನ ನೋಡ್ಕೊ ಮಾರಾಯಾ, ನಮ್ಮನ್ನ ಏನೂ ಕೇಳಬ್ಯಾಡ ಅಂತ ತಾವ ಕೈಯಾಗ ಇಟ್ರು."

ನಾನು ಹೌದು ಹೌದು ಎಂದು ತಲೆಯಾಡಿಸಿ, ಎಲ್ ಕಮೀನೋ ರಸ್ತೆಯ ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗಿಸಿದೆ. ಹೊಳೆಯಲೇ ಇಲ್ಲ. ಚಿಪ್ಪಿನ ಮೇಲೆ ಲಕ್ಷಗಟ್ಟಲೆ ಟ್ರಾನ್ಸಿಸ್ಟರು ಕೂರಿಸುವ ಎಂಜಿನಿಯರಿಗೆ ಪಕ್ಕದ ಸೀಟಿನಲ್ಲಿ ಕೂತವರು ಏನು ಹೇಳುತ್ತಿದ್ದಾರೆಂದು ಹೊಳೆಯಲಿಲ್ಲ. ಸ್ಪೇನಿನ ಒಬ್ಬ ರಾಜ ಬೆಳಗಿನಿಂದ ಸಂಜೆಯವರೆಗೆ ಪ್ರತಿಯೊಂದು ಕಾಗದವನ್ನೂ ತಾನೇ ಓದಿ ತಾನೇ ಸಹಿ ಹಾಕುತ್ತಿದ್ದ ಎಂದಾಗಲಂತೂ, "ಅದರಲ್ಲಿ ತಪ್ಪೇನಿದೆ? ಬೇರೆಯವರ ಕೈಗೆ ಕೊಟ್ರೆ ಕೆಲಸ ಕೆಡುತ್ತೆ" ಎಂದು ವಾದಿಸಿದ್ದೆ. ಮಾಸ್ತರು ನನ್ನನ್ನೇ ನೋಡಿ, "ಅಂವನೂ ಹಿಂಗ ಅಂತಿದ್ದ ಅಂತ ಕಾಣ್ತದ" ಎಂದರು. ಅವನಿಗೆ ಐದು ಸಿಕ್ಕಿತು. ಅದೇ ಅತಿ ಹೆಚ್ಚು.

"ಆರು ಯಾರಿಗೂ ಇಲ್ವಾ?"

"ಆರು ಇಟಗೊಂಡೀನಿ. ಯಾರರೆ ಕೇಳಿದಾಗ ಖುರ್ಚಿ ಬಿಟ್ಟು ಇಳ್ಯೂದು ಗೊತ್ತಿದ್ದಂವಗ ಕೊಡಾಂವ."

ಮಾಸ್ತರ ಮಗಳ ಮನೆಯ ಮೇಲಿನ ಅಂತಸ್ತಿನಲ್ಲಿ ಬೆಂಗಳೂರಿನ ಒಬ್ಬ ಹೆಣ್ಣುಮಗಳಿದ್ದಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ಎಂಬತ್ತೈದರ ಬೇಸಿಗೆಯಲ್ಲಿ ಗಂಡ ಅವಳನ್ನು ಬಿಟ್ಟು ಟೆಕ್ಸಸ್ಸಿಗೆ ಹೋದ. ಹೋಗುವಾಗ ನನಗೆ ಫೋನು ಮಾಡಿ ಊರು ಬಿಡುತ್ತಿದ್ದೇನೆ ಎಂದು ತಿಳಿಸಿದ, ನಾನು ಕಾರ್ಡು ತೆಗೆದು ಅಡ್ಡಗೆರೆ ಎಳೆದೆ. ಕಾರ್ಡು ಮನೆಗೊಂದು, ಯಜಮಾನನ ಹೆಸರಿನಲ್ಲಿ; ಕೆಳಗೆ "ಮತ್ತು ಕುಟುಂಬ". ಯಜಮಾನನ ಕಾರ್ಡು ಹೋದ ಮೇಲೆ ಕುಟುಂಬವೂ ಹೋಯಿತು. ಅವಳು ಒಂದು ದಿನ ಫೋನು ಮಾಡಿ, "ನಾನು ಇಲ್ಲೇ ಇದೀನಲ್ಲ ಸಾರ್, ನನ್ನ ಹೆಸರಲ್ಲೇ ಒಂದು ಕಾರ್ಡ್ ಮಾಡಿ" ಎಂದಳು. "ನೋಡೋಣಮ್ಮ, ಕಮಿಟೀಲಿ ಕೇಳ್ತೀನಿ" ಎಂದೆ. ನನ್ನ ಹೊರತು ಬೇರೆ ಕಮಿಟಿ ಇರಲಿಲ್ಲ.

ಅವಳಿಗೆ ದೀಪಾವಳಿಯ ಕಾಗದ ಹೋಗಲಿಲ್ಲ. ಸಂಕ್ರಾಂತಿಯದೂ ಹೋಗಲಿಲ್ಲ. ಜನವರಿಯ ಒಂದು ಶನಿವಾರ ಮಾಸ್ತರು ರಾಜರ ವಿಷಯ ಎತ್ತಲೇ ಇಲ್ಲ. ಲೈಬ್ರರಿ ಹತ್ತಿರ ಬಂದಾಗ ಹೇಳಿದರು:

"ಮ್ಯಾಲಿನ ಮನಿ ಹುಡುಗಿ ಸಂಕ್ರಾಂತಿಗೆ ಇಪ್ಪತ್ತು ಎಳ್ಳಿನ ಪೊಟ್ಣಾ ಕಟ್ಟಿದ್ಲು. ನಿಮ್ಮ ಕಾರ್ಯಕ್ರಮ ಯಾವತ್ತು, ಎಲ್ಲಿ, ಅಕಿಗೆ ಯಾರೂ ಹೇಳಿಲ್ಲ. ಇಪ್ಪತ್ತೂ ನಮ್ಮ ಮನ್ಯಾಗ ತಂದಿಟ್ಟು ಹೋದ್ಲು."

ತಪ್ಪು ನನ್ನದೇ ಎಂದು ಗೊತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬಾಯಿಂದ ಬಂದದ್ದು ಬೇರೆ. "ಒಬ್ಬರಿಗೆ ಮಾಡಿದ್ರೆ ನಾಳೆ ಎಲ್ಲರ ಮನೆ ಜಗಳಾನೂ ನನ್ನ ಡಬ್ಬೀಲಿ ಬಂದು ಕೂರುತ್ತೆ ಮಾಸ್ತರೇ. ರೂಲು ಅಂದ್ರೆ ರೂಲು."

"ರೂಲು ಮಾಡಿದವ್ರು ಯಾರು?"

"ನಾನೇ."

ಮಾಸ್ತರು ಕಾರಿನ ಬಾಗಿಲು ತೆರೆದರು. ಪುಸ್ತಕದ ಚೀಲ ಎತ್ತಿಕೊಂಡು ಇಳಿದರು.

ಆ ವರ್ಷದ ಯುಗಾದಿ ಒಂದು ಶಾಲೆಯ ಕ್ಯಾಫಟೇರಿಯಾದಲ್ಲಿ. ಊಟಕ್ಕೆ ಮೊದಲು ಸಭೆ. ಎಂದಿನಂತೆ ಒಬ್ಬರು ನನ್ನ ಹೆಸರು ಸೂಚಿಸಿದರು, ಒಬ್ಬರು ಅನುಮೋದಿಸಿದರು, ಚಪ್ಪಾಳೆಗೆ ಕೈಗಳು ಏಳುತ್ತಿದ್ದವು. ಹಿಂದಿನ ಸಾಲಿನಿಂದ ಬಿಳಿ ಟೋಪಿ ಎದ್ದು ನಿಂತಿತು.

"ನಾನೂ ನಿಂತೀನ್ರಿ" ಎಂದರು ಮಾಸ್ತರು.

ಯಾರೋ ನಕ್ಕರು. ಮಾಸ್ತರು ಕೂರಲು ಕುರ್ಚಿ ಇಲ್ಲ ಎನ್ನುತ್ತಿರಬಹುದೆಂದು ಒಬ್ಬರು ಕುರ್ಚಿ ಎಳೆದುಕೊಟ್ಟರು. ಅವರು ಕೂರಲಿಲ್ಲ. "ಚುನಾವಣಿಗೆ ನಿಂತೀನಿ. ಇವರು ಭಾಳ ಛಲೋ ಕೆಲಸಾ ಮಾಡ್ಯಾರ, ಅದರಾಗ ಎರಡು ಮಾತಿಲ್ಲ. ಆದ್ರ ಎದುರಿಗೆ ಇನ್ನೊಬ್ಬರು ಇರಲಾರ್ದ ಹೋದ್ರ ಅದು ಆರಿಸೂದಲ್ಲ, ಆರತಿ ಎತ್ತೂದು. ನಾ ಗೆದ್ರ ಒಂದ ಕೆಲಸಾ ಮಾಡ್ತೀನಿ. ಆ ಇಂಗಿನ ಡಬ್ಬಿ ತಂದು ಈ ಮೇಜಿನ ಮ್ಯಾಲ ಇಡ್ತೀನಿ. ಯಾರ್ಯಾರಿಗೆ ಬೇಕೋ ಅವರು ತಮ್ಮ ಕಾರ್ಡು ತಾವ ಬರ್ಕೊಳ್ಳಿ."

ನಾನು ಇಂಗು ತಿಂದ ಮಂಗನ ಹಾಗೆ ಮೈಕು ಹಿಡಿದು ನಿಂತಿದ್ದೆ. ಎರಡು ವರ್ಷದ ಶನಿವಾರಗಳು, ಗಡ್ಡ ಕತ್ತರಿಸಿದವನು, ಕಾಗದ ಓದಿದವನು, ಸೂರ್ಯ ಎಂದುಕೊಂಡವನು, ಎಲ್ಲರೂ ಸಾಲಾಗಿ ಬಂದು ನನ್ನ ಪಕ್ಕದಲ್ಲಿ ನಿಂತರು. ಆಗ ಹೊಳೆಯಿತು. ಮೈಯೆಲ್ಲ ಉರಿದುಹೋಯಿತು.

ಚುನಾವಣೆಗೆ ಪೆಟ್ಟಿಗೆ ಎಲ್ಲಿ? ಯಾರಿಗೂ ತೋಚದಿದ್ದಾಗ ನನ್ನ ಹೆಂಡತಿ ಸಾರಿನ ಬೇಳೆ ಬೇಯಿಸಿದ ದೊಡ್ಡ ಪ್ರೆಷರ್ ಕುಕ್ಕರನ್ನು ತೊಳೆದು ಒರೆಸಿ ತಂದು ಮೇಜಿನ ಮೇಲಿಟ್ಟಳು. ನಾನು ಜೊತೆಗೆ ತಂದಿದ್ದ ಡಬ್ಬಿಯ ಖಾಲಿ ಕಾರ್ಡುಗಳನ್ನು ಎರಡೆರಡು ತುಂಡು ಮಾಡಿ ಹಂಚಿದರು. ವಯಸ್ಸಿಗೆ ಬಂದವರೆಲ್ಲ ಹೆಸರು ಬರೆದು ಕುಕ್ಕರಿಗೆ ಹಾಕಿದರು. ನನಗೆ ಅರವತ್ತೆಂಟು, ಮಾಸ್ತರಿಗೆ ಮೂರು. ಮಗಳು, ಅಳಿಯ, ಅವರು. ಲೆಕ್ಕ ಸರಿ ಹೋಯಿತು ಎಂದು ನಾನು ಮನಸ್ಸಿನಲ್ಲೇ ಹಂಗಿಸಿದೆ. ಮೇಲಿನ ಮನೆಯವಳಿಗೆ ಓಟಿರಲಿಲ್ಲ, ಕಾರ್ಡೇ ಇಲ್ಲವಲ್ಲ. ಎಣಿಸಿದವರು ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟರು. ನಾನು ನೋಡದೆ ಡಬ್ಬಿಗೆ ತುರುಕಿದೆ. ಗೆದ್ದವನಿಗೆ ಚೀಟಿ ಓದುವ ಅಗತ್ಯವೇನು?

ಮಾಸ್ತರು ಬಂದು ಕೈ ಮುಗಿದರು. "ಅಭಿನಂದನಾ. ಶನಿವಾರ ಬರ್ತೀರಲ್ರಿ?"

"ನೋಡೋಣ" ಎಂದೆ.

ಆ ಶನಿವಾರ ನಾನು ಹೋಗಲಿಲ್ಲ. ಮನೆಯಲ್ಲೇ ಇದ್ದೆ, ಹುಲ್ಲು ಕತ್ತರಿಸಿದೆ. ಮಾಸ್ತರು ಕೋಟು ಟೋಪಿ ಹಾಕಿಕೊಂಡು, ಹಿಂದಿರುಗಿಸಬೇಕಾದ ಪುಸ್ತಕಗಳ ಚೀಲ ಹಿಡಿದು ಹತ್ತರಿಂದ ಹನ್ನೆರಡರವರೆಗೆ ಫುಟ್‌ಪಾತಿನಲ್ಲಿ ನಿಂತಿದ್ದರಂತೆ. ಅವರ ಮಗಳು ಆಮೇಲೆ ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದಳು. ನನ್ನ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ನೀಚ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಇದನ್ನೇ ಹೇಳುತ್ತೇನೆ.

ಆಮೇಲಿನ ಶನಿವಾರಗಳಲ್ಲಿ ಮೇಲಿನ ಮನೆಯ ಹುಡುಗಿ ಅವರನ್ನು ತನ್ನ ಕಾರಿನಲ್ಲಿ ಕರೆದೊಯ್ಯತೊಡಗಿದಳು. ಒಮ್ಮೆ ಲೈಬ್ರರಿಯ ಪಾರ್ಕಿಂಗಿನಲ್ಲಿ ಕಂಡರು. ಅವಳು ಸ್ಟಿಯರಿಂಗ್ ಹಿಡಿದು ನಗುತ್ತಿದ್ದಳು, ಅವರು ಕೈಯಾಡಿಸುತ್ತ ಏನೋ ಹೇಳುತ್ತಿದ್ದರು. ಯಾವ ರಾಜನ ಕಥೆಯೋ... ನನ್ನನ್ನು ಕಂಡು ಮಾಸ್ತರು ಕೈಯೆತ್ತಿದರು. ನಾನು ಕಾರಿನ ಕನ್ನಡಿ ಸರಿಮಾಡುವವನಂತೆ ಮುಖ ತಿರುಗಿಸಿದೆ. ಅದೇ ಕೊನೆ. ಸೆಪ್ಟೆಂಬರಿನಲ್ಲಿ ಅವರು ಧಾರವಾಡಕ್ಕೆ ವಾಪಸಾದರು. ಬೀಳ್ಕೊಡುವ ಊಟಕ್ಕೆ ಹೆಂಡತಿಯನ್ನು ಕಳಿಸಿ, ಆಫೀಸಿನಲ್ಲಿ ಮೀಟಿಂಗು ಎಂದು ಹೇಳಿಸಿದೆ.

ಮಾಸ್ತರು ಸೋತರು, ಆದರೆ ಚಪ್ಪಾಳೆಯ ಪದ್ಧತಿ ಅಲ್ಲಿಗೇ ಸತ್ತಿತು. ಒಮ್ಮೆ ಕುಕ್ಕರು ಮೇಜಿಗೆ ಬಂದ ಮೇಲೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಮುಂದಿನ ಯುಗಾದಿಗೆ ಮೂವರು ನಿಂತರು, ನಾನು ಮೂರನೆಯವನಾಗಿ ಸೋತೆ. ಹುಬ್ಬಳ್ಳಿ ಕಡೆಯ ಒಬ್ಬ ಡಾಕ್ಟರಮ್ಮ ಗೆದ್ದರು. ಮನೆಗೊಂದು ಕಾರ್ಡು ಹೋಗಿ ಆಳಿಗೊಂದು ಕಾರ್ಡು ಬಂತು. ಮೇಲಿನ ಮನೆಯವಳ ಹೆಸರಿನಲ್ಲಿ ಮೊದಲನೆಯದು. ವಿಳಾಸಗಳ ಟೈಪ್ ಮಾಡಿದ ಪಟ್ಟಿಯನ್ನು ನಾನು ಹಸ್ತಾಂತರಿಸಿದೆ. ಡಬ್ಬಿ ಎಲ್ಲೋ ಕಳೆದುಹೋಗಿದೆ ಎಂದು ಸುಳ್ಳು ಹೇಳಿ ಗರಾಜಿನ ಮೇಲಿನ ಹಲಗೆಗೆ ಏರಿಸಿದೆ. ಅದಾಗಿ ಎರಡು ವರ್ಷಕ್ಕೆ ಮಾಸ್ತರು ತೀರಿಹೋದರೆಂದು ಸುದ್ದಿ ಬಂತು. ಒಂದು ಕಾಗದ ಬರೆಯಬೇಕು ಬರೆಯಬೇಕು ಎಂದುಕೊಂಡೇ ಇದ್ದೆ...

ಮೊನ್ನೆ ಡಬ್ಬಿಯ ತಳದಲ್ಲಿ ಆ ಚೀಟಿಗಳ ಕಟ್ಟು ಸಿಕ್ಕಿತು. ರಬ್ಬರ್ ಬ್ಯಾಂಡ್ ಮುಟ್ಟಿದರೆ ಪುಡಿಯಾಯಿತು. ಗರಾಜಿನ ನೆಲದಲ್ಲಿ ಕೂತು ಒಂದೊಂದೇ ಬಿಡಿಸಿದೆ. ನೀಲಿ, ಕಪ್ಪು, ನೀಲಿ, ಎಲ್ಲದರಲ್ಲೂ ನನ್ನ ಹೆಸರು. ಹಳೇ ಜಂಬ ಸ್ವಲ್ಪ ತಲೆಯೆತ್ತಿತು, ಸುಳ್ಳೇಕೆ. ಆಮೇಲೆ ಒಂದು ಚೀಟಿ ಬಂತು, ಹಸಿರು ಇಂಕಿನದು. ಮಾಸ್ತರ ಗುಂಡು ಗುಂಡಾದ ಅಕ್ಷರ. ಅದರಲ್ಲಿಯೂ ನನ್ನ ಹೆಸರೇ ಇತ್ತು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಹಿಂದೆ ತಿರುಗಿಸಿದೆ. ಬೆನ್ನಿನಲ್ಲಿ, ಉತ್ತರಪತ್ರಿಕೆಯ ಮೂಲೆಯಲ್ಲಿ ಬರೆಯುವಂತೆ, ವೃತ್ತದೊಳಗೆ: ಹತ್ತಕ್ಕೆ ಆರು.

ಯಾವ ರಾಜನಿಗೂ ಕೊಡದೆ ಇಟ್ಟುಕೊಂಡಿದ್ದ ಆರು. ಎದುರಿಗೆ ನಿಂತ ದಿನವೇ ನನಗೆ ಓಟು ಹಾಕಿ, ಕೇಳಿದಾಗ ಇವನು ಇಳಿಯುತ್ತಾನೆ ಎಂದು ನಂಬಿ ಮುಂಗಡವಾಗಿ ಕೊಟ್ಟಿದ್ದರು. ನಾನು ಇಳಿಯಲಿಲ್ಲ, ಇಳಿಸಿದರು. ಡಬ್ಬಿಯನ್ನು ಕದ್ದಿಟ್ಟೆ. ಆ ಮನುಷ್ಯನನ್ನು ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿದೆ. ಗರಾಜಿನ ನೆಲದಲ್ಲಿ ಕೂತು ಅತ್ತೆ, ಎಪ್ಪತ್ತಾರು ವರ್ಷದ ಗಂಡಸು.

ಆಮೇಲೆ ಎಂಜಿನಿಯರ್ ಬುದ್ಧಿ ಎಚ್ಚರಾಯಿತು. ಮಾಸ್ತರ ಓಟು ನನಗೆ ಎಂದರೆ ಅವರಿಗೆ ಬಿದ್ದ ಮೂರರಲ್ಲಿ ಮಗಳದು, ಅಳಿಯನದು ಎರಡು. ಮೂರನೆಯದು? ಚೀಟಿ ಹಿಡಿದು ಅಡುಗೆಮನೆಗೆ ಹೋದೆ. ನನ್ನ ಹೆಂಡತಿ ಹುರುಳೀಕಾಯಿ ಹೆಚ್ಚುತ್ತಿದ್ದವಳು ಚೀಟಿ ನೋಡಿದಳು, ನನ್ನ ಮುಖ ನೋಡಿದಳು.

"ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ? ಕುಕ್ಕರ್ ತೊಳೆದು ತಂದಿಟ್ಟೋಳು ಯಾರು?"

ಇನ್ನೂ ಒಂದು ಕೆಲಸ ಬಾಕಿ ಇತ್ತು. ಡಬ್ಬಿಯಲ್ಲಿ ಮಾಸ್ತರ ಕಾರ್ಡು ಹುಡುಕಿದೆ. ಇರಲಿಲ್ಲ. ಇರುವುದಾದರೂ ಹೇಗೆ, ಅವರು ಅಳಿಯನ ಕಾರ್ಡಿನ ಕೆಳಗಿನ "ಮತ್ತು ಕುಟುಂಬ"ದೊಳಗಿದ್ದವರು. ಎರಡು ವರ್ಷ ಪ್ರತಿ ಶನಿವಾರ ನನ್ನ ಪಕ್ಕದಲ್ಲಿ ಕೂತವರಿಗೆ ನನ್ನ ರಾಜ್ಯದಲ್ಲಿ ಹೆಸರೇ ಇರಲಿಲ್ಲ. ತಳದಲ್ಲಿ ಉಳಿದಿದ್ದ ಒಂದು ಖಾಲಿ ಕಾರ್ಡು ತೆಗೆದು ಮೇಲಿನ ಸಾಲಿನಲ್ಲಿ ಅವರ ಪೂರ್ತಿ ಹೆಸರು ಬರೆದೆ. ವಿಳಾಸದ ಸಾಲಿಗೆ ಬಂದಾಗ ಪೆನ್ನು ನಿಂತಿತು. ಆ ಜಾಗ ಹಾಗೇ ಖಾಲಿ ಬಿಟ್ಟು ಕಾರ್ಡನ್ನು ಎಲ್ಲಕ್ಕಿಂತ ಮುಂದೆ ಇಟ್ಟೆ.